ಅಪ್ಪ ಹಾಕಿದ ಜಾಮೀನು ಸಹಿ, ಪೌಲ ಹೇಳಿದ "ಹುಚ್ಚುಮಾತು"

ಸುರಂಗದವರ ಮಗಳು (ಬದಿಯಡ್ಕ ಹತ್ತಿರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಂದು ಓದಿ ಹೋಗುವವಳು ನಾನು, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ ಉತ್ತರ ಕೊಡಿ.

ನನ್ನಪ್ಪ ಸುರಂಗ ತೋಡುತ್ತಿದ್ದರು. ಕಾಸರಗೋಡು, ಪುತ್ತೂರು, ಬಂಟ್ವಾಳದ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಸುರಂಗ ಅಂದ್ರೆ ರೈಲಿನದ್ದು ನೆನಪಾಗಬಹುದು, ನಮ್ಮಲ್ಲಿ ಅದು ನೀರಿನದ್ದು. ಮುರಕಲ್ಲಿನ, ಅಂದ್ರೆ ಕೆಂಪುಕಲ್ಲಿನ, ಗುಡ್ಡದ ಬುಡದಿಂದ ಅಡ್ಡಕ್ಕೆ ಕೊರೆಯುತ್ತಾ ಹೋಗಬೇಕು. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಒಬ್ಬರು ಒಳಗೆ ಪಿಕ್ಕಾಸು ಹಿಡಿದು ಕಡಿಯುವುದು, ಇನ್ನೊಬ್ಬರು ಮಣ್ಣು ಹೊರಗೆ ಹಾಕುವುದು. ಅಪ್ಪ ಒಳಗಿನವರು. ಮೋಂಬತ್ತಿ ಹಚ್ಚಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದರು. ಅದು ಮಂಕಾಗ್ತಾ ಬಂದರೆ ಗಾಳಿ ಸಾಲದು, ಹೊರಗೆ ಬರಬೇಕು ಅಂತ ಲೆಕ್ಕ. ನೀರು ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ, ತಾನಾಗಿ ಹರಿದು ಅಂಗಳಕ್ಕೆ ಬರ್ತದೆ. ಸಿಗದಿದ್ದರೆ ತೋಡಿದ್ದು ದಂಡ. ನಾಲ್ಕು ಕೋಲು (ನಮ್ಮ ಕಡೆಯ ಅಳತೆ) ಹೋದ ಮೇಲೆ "ಇಲ್ಲಿ ಒಸರು ಉಂಟು" ಅಂತ ಕಲ್ಲು ಮುಟ್ಟಿ ಹೇಳುತ್ತಿದ್ದರು ಅಪ್ಪ. ಹೆಚ್ಚಿನ ಸಲ ಸರಿ ಇರ್ತಿತ್ತು. ಇದನ್ನು ಯಾಕೆ ಹೇಳಿದೆ ಅಂದ್ರೆ, ಅಪ್ಪನಿಗೆ ಬುದ್ಧಿ ಇಲ್ಲ ಅಂತ ಹೇಳುವವರಿಗೆ ಈ ಬುದ್ಧಿ ಕಾಣುವುದಿಲ್ಲ.

2008ರಲ್ಲಿ ನಮ್ಮ ಬೇಲಿಯಾಚೆಯ ಮನೆಯವರು ಒಂದೂವರೆ ಲಕ್ಷ ಸಾಲ ತೆಗೆದರು. ಅಪ್ಪ ಜಾಮೀನು ನಿಂತರು. ಅವರು ಎರಡು ವರ್ಷ ಕಂತು ಕಟ್ಟಿದರು, ಮತ್ತೆ ಗಲ್ಫಿಗೆ ಹೋದರು, ಮತ್ತೆ ಫೋನೂ ಇಲ್ಲ, ಪತ್ತೆಯೂ ಇಲ್ಲ. ನೋಟೀಸು ಎರಡೂ ಮನೆಗೆ ಬಂತು. ಆ ಮನೆಯಲ್ಲಿ ಹೆಂಡತಿ, ಎರಡು ಸಣ್ಣ ಮಕ್ಕಳು. ನಮ್ಮದು ಇದ್ದದ್ದೇ 70 ಸೆಂಟ್ಸ್, ಅದರಲ್ಲಿ ಫಸಲು ಬರುವ 30 ಸೆಂಟ್ಸ್ ಅಡಕೆ ತೋಟ ಮಾರಿ ಅಪ್ಪ ಬಡ್ಡಿ ಸಮೇತ ಕಟ್ಟಿದರು. ಅಕ್ಕ ನರ್ಸಿಂಗಿಗೆ ಸೇರುವುದು ಎರಡು ವರ್ಷ ಮುಂದೆ ಹೋಯ್ತು. ಅಷ್ಟಕ್ಕೂ ನಿಲ್ಲಲಿಲ್ಲ. ಮರುವರ್ಷ ಏಪ್ರಿಲಿನಲ್ಲಿ ಆ ಹೆಂಗಸಿನ ಬಾವಿ ಒಣಗಿತು ಅಂತ ಅವರ ಹಿತ್ತಿಲಿಗೆ ಸುರಂಗ ತೋಡಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಊರಿಡೀ "ಅವರಿಗೆ ತಲೆ ಸರಿ ಇಲ್ಲ" ಅಂತ ಮಾತಾಡಿತು. ನಾನೂ ಹಾಗೇ ಅಂದುಕೊಂಡಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ ಮಾತ್ರ.

ಈ ವರ್ಷ ಅಪ್ಪ ತೀರಿಕೊಂಡರು. ಮಣ್ಣಿಗೆ ಇಡುವ ದಿನ ಚರ್ಚಿನ ಅಯ್ಯನವರು ಬೈಬಲಿನಿಂದ, ಯೇಸುವಿನ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ ಒಂದನೇ ಅಧ್ಯಾಯ ಓದಿದರು. ಶಿಲುಬೆಯ ಮಾತು ನಾಶಕ್ಕೆ ಹೋಗುವವರಿಗೆ ಹುಚ್ಚುಮಾತು, ರಕ್ಷಣೆಯ ದಾರಿಯಲ್ಲಿರುವ ನಮಗೆ ದೇವರ ಶಕ್ತಿ ಎನ್ನುವ ಭಾಗ. ನನ್ನ ಬೆನ್ನ ಹಿಂದೆಯೇ ನಿಂತಿದ್ದ ಸಂಬಂಧಿಕರೊಬ್ಬರು ಮೆಲ್ಲ ಅಂದರು, "ಒಳ್ಳೆ ಜನ, ಬುದ್ಧಿ ಮಾತ್ರ ಸ್ವಲ್ಪ ಕಡಿಮೆ." ಎರಡೂ ಮಾತು ಒಟ್ಟಿಗೇ ಕಿವಿಗೆ ಬಿತ್ತು. ಅಲ್ಲಿಂದ ತಲೆಯಲ್ಲಿ ಕೂತಿದೆ.

ನಾನು ಬಿಕಾಂ ಮಾಡಿದವಳು. ಕೆಲಸವೂ ಸಾಲದ ಅರ್ಜಿ ನೋಡುವುದೇ. ಜಾಮೀನುದಾರನ ಆದಾಯ, ಆಸ್ತಿ, ವಯಸ್ಸು, ಇರುವ ಹೊರೆ ಎಲ್ಲ ನೋಡಿ ಟಿಕ್ ಹಾಕಬೇಕು. ಅಪ್ಪನ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ "ಈ ಜಾಮೀನು ಸಾಲದು" ಅಂತ ಬರೆದು ವಾಪಸು ಮಾಡುತ್ತಿದ್ದೆ. ಅದು ನನ್ನ ಕೆಲಸ, ಅದರಲ್ಲಿ ತಪ್ಪಿಲ್ಲ.

ಅಯ್ಯನವರು ಓದಿದ ಅದೇ ಅಧ್ಯಾಯದಲ್ಲಿ, ದೇವರು ಲೋಕದ ಜ್ಞಾನವನ್ನು ಹುಚ್ಚುತನ ಮಾಡಿದ್ದಾನೆ ಅಂತಲೂ ಉಂಟು. ನನ್ನ ಪ್ರಶ್ನೆ ಇದು. ಪೌಲ "ಲೋಕದ ಜ್ಞಾನ" ಅಂದದ್ದು ಈ ಟಿಕ್ ಹಾಕುವ ಜ್ಞಾನವನ್ನಾ? ಹಾಗಾದರೆ ಓದಿದ್ದು, ಲೆಕ್ಕ ಕಲಿತದ್ದು ದೇವರಿಗೆ ಬೇಡವಾ? ಅಥವಾ ಈ ವಾಕ್ಯ ಸೋತುಹೋದವರಿಗೆ ಹೇಳುವ ಸಮಾಧಾನ ಮಾತ್ರವಾ? ಆಫೀಸಿನಲ್ಲಿ ಒಬ್ಬ ಗೆಳತಿ ಶಿಲುಬೆಯಲ್ಲಿ ಸತ್ತ ಯೇಸುವಿನ ವಿಷಯ ಕೇಳಿದಳು, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ: "ತನ್ನನ್ನೇ ಉಳಿಸಿಕೊಳ್ಳಲಿಕ್ಕೆ ಆಗದವರು ನಿಮ್ಮನ್ನು ಹೇಗೆ ಉಳಿಸುವುದು?" ನನಗೆ ಉತ್ತರ ಬರಲಿಲ್ಲ. ಸಂಡೇಸ್ಕೂಲಿನಲ್ಲಿ ಕಲಿತ ಉತ್ತರ ಬಾಯಿಗೆ ಬಂತು, ಹೇಳಲಿಕ್ಕೆ ಮನಸ್ಸಾಗಲಿಲ್ಲ.

---

ಮಂಜೇಶ್ವರದ ಮೇಷ್ಟ್ರು

ತಂಗೀ, ನಿಮ್ಮ ತಂದೆಯವರ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನು, ನಮ್ಮ ಸಭೆಯಲ್ಲಿ ಅಯ್ಯನವರು ಇಲ್ಲದ ಭಾನುವಾರ ಪ್ರಸಂಗವನ್ನೂ ಮಾಡುತ್ತೇನೆ. ತಿಳಿದಷ್ಟು ಹೇಳುತ್ತೇನೆ.

ಮೊದಲು ಒಂದು ಶಬ್ದದ ವಿಷಯ. ನಮ್ಮ ಊರಲ್ಲಿ ಒಂದೇ ವಸ್ತುವಿಗೆ ಮೂರು ಹೆಸರು ಕೇಳುತ್ತೇವೆ. ಮಲಯಾಳದವರು ಕುರಿಶ್ ಎನ್ನುತ್ತಾರೆ, ಬೇಳ, ಕಯ್ಯಾರು ಕಡೆಯ ಕೊಂಕಣಿಯವರು ಖುರಿಸ್ ಎನ್ನುತ್ತಾರೆ. ಇವೆರಡೂ ಪೋರ್ಚುಗೀಸರಿಂದ ಬಂದದ್ದು. ನಮ್ಮ ಶಿಲುಬೆ ಸಿರಿಯಾಕ್ ಭಾಷೆಯ ಸ್ಲೀವಾ ಎಂಬುದರ ನೆಂಟ. ಮೂರೂ ಹೊರಗಿನಿಂದ ಬಂದ ಶಬ್ದಗಳು. ಹಾಗಾಗಿ ನಮ್ಮ ಕಿವಿಗೆ ಶಿಲುಬೆ ಎಂದರೆ ಇಗರ್ಜಿಯ ತುದಿ, ಕೊರಳ ಸರ, ಸಮಾಧಿಯ ಕಲ್ಲು. ಆ ಶಬ್ದಕ್ಕೆ ನಮ್ಮಲ್ಲಿ ರಕ್ತದ ವಾಸನೆಯೇ ಇಲ್ಲ. "ಶೂಲಕ್ಕೇರಿಸಿದರು" ಎಂದಾಗ ಆಗುವ ನಡುಕ "ಶಿಲುಬೆಗೇರಿಸಿದರು" ಎಂದಾಗ ಆಗುವುದಿಲ್ಲ. ನಿಮ್ಮ ಗೆಳತಿಗೆ ಇದು ಸೋಲು ಎಂದು ಕಂಡಿತಲ್ಲ, ಆಕೆ ನಮಗಿಂತ ಸರಿಯಾಗಿ ಕೇಳಿಸಿಕೊಂಡಿದ್ದಾರೆ.

ರೋಮಿನವರಿಗೆ ಆ ನಡುಕ ಇತ್ತು. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸನ ಗುಲಾಮರ ದಂಗೆ ಮುರಿದ ಮೇಲೆ 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ರಸ್ತೆಯುದ್ದಕ್ಕೂ ಶಿಲುಬೆಗೆ ಹಾಕಿದರು. ಸುಮಾರು 200 ಕಿಲೋಮೀಟರ್ ದಾರಿ. ಇಲ್ಲಿಂದ ಹೊರಟರೆ ಕಣ್ಣೂರು ದಾಟುವವರೆಗೂ ಅದೇ ನೋಟ ಎಂದುಕೊಳ್ಳಿ. ಅದಾಗಿ ಎಂಟು ವರ್ಷಕ್ಕೆ ಸಿಸೆರೋ ಎಂಬ ದೊಡ್ಡ ವಕೀಲ ನ್ಯಾಯಸ್ಥಾನದಲ್ಲಿ, ಶಿಲುಬೆ ಎಂಬ ಶಬ್ದವೇ ರೋಮನ್ ಪ್ರಜೆಯ ಮೈಯಿಂದ ಮಾತ್ರವಲ್ಲ, ಅವನ ಯೋಚನೆಯಿಂದ, ಕಣ್ಣಿನಿಂದ, ಕಿವಿಯಿಂದಲೂ ದೂರ ಇರಬೇಕು ಎಂದು ವಾದಿಸಿದ. ಮರ್ಯಾದಸ್ಥರು ಊಟದ ಹೊತ್ತಿಗೆ ಎತ್ತಬಾರದ ಮಾತು ಅದು. ಯೆಹೂದ್ಯರಿಗೆ ಇನ್ನೊಂದು ತೊಡಕು. ಮರಕ್ಕೆ ತೂಗಹಾಕಲ್ಪಟ್ಟವನು ದೇವರ ಶಾಪಕ್ಕೆ ಒಳಗಾದವನು ಎಂದು ಧರ್ಮೋಪದೇಶಕಾಂಡ 21ರಲ್ಲೇ ಇದೆ. ಅಂಥವನೇ ತಾವು ಕಾಯುತ್ತಿದ್ದ ಅಭಿಷಿಕ್ತ, ಅಂದರೆ ಮೆಸ್ಸೀಯ, ಎಂದರೆ ಯಾರು ಒಪ್ಪಿಯಾರು?

ಈಗ ಕೊರಿಂಥ. ರೋಮನ್ನರು ಕ್ರಿಸ್ತಪೂರ್ವ 146ರಲ್ಲಿ ಸುಟ್ಟು ಹಾಳುಗೆಡವಿದ ಊರು ಅದು. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಿ, ಬಿಡುಗಡೆಯಾದ ಗುಲಾಮರನ್ನು ದೊಡ್ಡ ಸಂಖ್ಯೆಯಲ್ಲಿ ತಂದು ನೆಲೆಗೊಳಿಸಿದ. ಎರಡು ಬಂದರು, ವ್ಯಾಪಾರ, ಹೊಸ ದುಡ್ಡು. ಅಜ್ಜನ ಹೆಸರು ಹೇಳಿಕೊಳ್ಳಲಾಗದವರು ಮೇಲೆ ಬರಬೇಕಾದರೆ ಮಾತು ಬೇಕು, ನಂಟು ಬೇಕು, ಹೊಗಳಿಸಿಕೊಳ್ಳಬೇಕು. ಹಣ ಕೊಟ್ಟು ವಾಕ್ಚಾತುರ್ಯ ಕಲಿಯುವ ಕಾಲ. ಆ ಚಾಳಿ ಸಭೆಯೊಳಗೂ ಬಂತು. ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ, ನಾನು ಕೇಫನ (ಪೇತ್ರನ) ಕಡೆ ಎಂದು ಬಣ ಕಟ್ಟಿದರು. ಅಪೊಲ್ಲೋಸ ಅಲೆಕ್ಸಾಂಡ್ರಿಯದವನು, ಮಾತುಗಾರ. ಪೌಲನೋ ಒಂದೂವರೆ ವರ್ಷ ಅಲ್ಲಿದ್ದು ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಡೇರೆ ಹೊಲಿದು ಅನ್ನ ತಿಂದವನು. ಕೈಕೆಲಸದವನ ಮಾತಿಗೆ ಆ ಊರಲ್ಲಿ ಎಷ್ಟು ಬೆಲೆ ಇದ್ದೀತು, ನಿಮಗೆ ವಿವರಿಸಬೇಕಾಗಿಲ್ಲ.

ಆದ್ದರಿಂದ "ಲೋಕದ ಜ್ಞಾನ" ಎಂದಾಗ ಅವನ ಕಣ್ಣ ಮುಂದೆ ಇದ್ದದ್ದು ಶಾಲೆಯೂ ಅಲ್ಲ, ಗಣಿತವೂ ಅಲ್ಲ. ಗಮಲಿಯೇಲನೆಂಬ ಯೆಹೂದ್ಯ ಪಂಡಿತನ ಪಾದದ ಬಳಿ ಕೂತು ಕಲಿತವನು ಅವನು. ಅಥೇನೆಯಲ್ಲಿ ಗ್ರೀಕ್ ಕವಿಗಳ ಸಾಲನ್ನೇ ಎತ್ತಿ ಮಾತಾಡಿದವನು. ಯಾರಿಗೆ ಎಷ್ಟು ಬೆಲೆ ಎಂದು ನಿಗದಿ ಮಾಡುವ ಜ್ಞಾನದ ಬಗ್ಗೆ ಅವನು ಹೇಳಿದ್ದು. ಗೆದ್ದವನ ಪಕ್ಕದಲ್ಲಿ ದೇವರಿದ್ದಾನೆ, ಬಿದ್ದವನು ಬೀಳಲಿಕ್ಕೆ ತಕ್ಕವನೇ ಎನ್ನುವ ಜ್ಞಾನ. ಆ ಜ್ಞಾನದ ತಕ್ಕಡಿಯಲ್ಲಿ ಯೇಸುವನ್ನು ತೂಗಿದರು, ಕಡಿಮೆ ಬಂತು, ತೂಗುಹಾಕಿದರು. ದೇವರು ಅವನೊಂದಿಗೇ ಇದ್ದದ್ದು ನಿಜವಾದರೆ ಒಡೆದದ್ದು ತಕ್ಕಡಿ.

ರೋಮಿನ ಪಾಲಟೈನ್ ಗುಡ್ಡದಲ್ಲಿ 1857ರಲ್ಲಿ ಗೋಡೆಯಲ್ಲಿ ಗೀಚಿದ ಒಂದು ಚಿತ್ರ ಸಿಕ್ಕಿತು. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ. "ಅಲೆಕ್ಸಾಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ" ಎಂದು ಗ್ರೀಕಿನಲ್ಲಿ ಯಾರೋ ಕೊರೆದಿದ್ದಾರೆ, ಹಾಸ್ಯ ಮಾಡಲಿಕ್ಕೆ. ಶಿಲುಬೆಗೇರಿದ ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಬರೆದವನು ನಂಬಿದವನಲ್ಲ, ನಕ್ಕವನು. ಪಕ್ಕದ ಕೋಣೆಯಲ್ಲಿ ಬೇರೆ ಕೈಯ ಬರಹದಲ್ಲಿ "ಅಲೆಕ್ಸಾಮೆನೋಸ್ ನಂಬಿಗಸ್ತ" ಎಂದೂ ಇದೆ.

ನಮ್ಮ ಗೋವಿಂದ ಪೈಗಳ ಮನೆ ಇಲ್ಲೇ ಇದೆ. ಗೌಡ ಸಾರಸ್ವತ ಮನೆತನದ ಕವಿ ಇದೇ ಮಂಜೇಶ್ವರದಲ್ಲಿ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂದು ಕನ್ನಡದಲ್ಲಿ ಕಾವ್ಯ ಮಾಡಿದರು. ಬುದ್ಧನ ಕೊನೆಯ ದಿನದ ಮೇಲೂ ಬರೆದರು. ಪವಾಡದ ದಿನವನ್ನಾಗಲಿ ಹುಟ್ಟಿದ ದಿನವನ್ನಾಗಲಿ ಆರಿಸದೆ ಆ ಶುಕ್ರವಾರವನ್ನೇ ಯಾಕೆ ಆರಿಸಿದರು ಎಂದು ಆ ಮನೆಯ ಮುಂದೆ ಹೋಗುವಾಗಲೆಲ್ಲ ನಾನು ಯೋಚಿಸುತ್ತೇನೆ.

---

ಲೆಕ್ಕಪತ್ರ ಹೊಸಂಗಡಿ

ಮೇಷ್ಟ್ರು ಚಂದ ಬರೆದಿದ್ದಾರೆ. ಆದರೆ ಒಂದು ಮಾತನ್ನು ಯಾರೂ ಹೇಳುತ್ತಿಲ್ಲ, ನಾನು ಹೇಳುತ್ತೇನೆ. ನಾನೂ ವಿಶ್ವಾಸಿಯೇ.

ಸಹೋದರಿ, ನಿಮ್ಮ ಸಂಬಂಧಿಕರು ಅಂದದ್ದೇ ಬೈಬಲಿನಲ್ಲೂ ಉಂಟು. ಜ್ಞಾನೋಕ್ತಿಗಳು 6, 11, 22 ತೆಗೆದು ನೋಡಿ. ನೆರೆಯವನಿಗೆ ಹೊಣೆ ನಿಂತಿದ್ದರೆ ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ ಅಂತ ಉಂಟು. ಸಾಲಕ್ಕೆ ಹೊಣೆಯಾಗಬೇಡ, ನಿನ್ನ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಅಂತ ಉಂಟು. ಇದು ದೇವರ ವಾಕ್ಯವೇ. ಲೋಕದ ಜ್ಞಾನ ಅಂತ ತಳ್ಳಿಹಾಕಲಿಕ್ಕೆ ಆಗ್ತದಾ?

ಇನ್ನೂ ಒಂದು. ಬೇಸರ ಮಾಡಬೇಡಿ. ಯೇಸು ಕೊಟ್ಟದ್ದು ತನ್ನದೇ ಪ್ರಾಣ. ನಿಮ್ಮ ತಂದೆ ಕೊಟ್ಟದ್ದರಲ್ಲಿ ನಿಮ್ಮ ಅಕ್ಕನ ಎರಡು ವರ್ಷವೂ ಸೇರಿತ್ತು. ತೋಟ ಮಾರುವಾಗ ನಿಮ್ಮ ಅಮ್ಮನನ್ನು ಕೇಳಿದ್ದರಾ? ಮನೆಯ ಗಂಡಸು ದೊಡ್ಡ ಮನಸ್ಸು ಮಾಡುವುದು, ಅದರ ಕಂತನ್ನು ಅಡುಗೆಮನೆಯಲ್ಲಿರುವವರು ಕಟ್ಟುವುದು, ಅದನ್ನು ನಾವು ಶಿಲುಬೆ ಅಂತ ಕರೆಯುವುದು: ಇದನ್ನು ನನ್ನ ಮನೆಯಲ್ಲೇ ನೋಡಿ ಬೆಳೆದವನು ನಾನು. ನನ್ನ ತಂದೆಗೂ ಊರಲ್ಲಿ ಒಳ್ಳೆ ಹೆಸರು. ನನ್ನ ತಾಯಿ ಬೀಡಿ ಕಟ್ಟಿ ಕಟ್ಟಿ ಬೆನ್ನು ಹೋಗಿತ್ತು. ಹಾಗಾಗಿ ಕೇಳಿದೆ.

---

ಮಂಜೇಶ್ವರದ ಮೇಷ್ಟ್ರು

ಕೇಳಬೇಕಾದ ಮಾತನ್ನೇ ಕೇಳಿದಿರಿ. ಎರಡನೆಯದಕ್ಕೆ ಉತ್ತರ ಕೊಡುವ ಹಕ್ಕು ನನ್ನದಲ್ಲ, ಆ ಮನೆಯವರದ್ದು. ಮೊದಲನೆಯದಕ್ಕೆ ಹೇಳುತ್ತೇನೆ.

ಹೊಣೆ ನಿಂತವನಿಗೆ ಕಷ್ಟ ತಪ್ಪಿದ್ದಲ್ಲ ಎಂದು ಜ್ಞಾನೋಕ್ತಿ 11:15 ಹೇಳುತ್ತದೆ. ಅದು ಪೂರ್ತಿ ಸತ್ಯ. ಬೆಲೆ ಎಷ್ಟು ಎಂದು ಕಣ್ಣಿಗೆ ಕಟ್ಟುವಂತೆ ಹೇಳುವ ಪುಸ್ತಕ ಅದು. ಶಿಲುಬೆ ಆ ಬೆಲೆಯನ್ನು ಸುಳ್ಳು ಮಾಡಲಿಲ್ಲ, ಕೊಟ್ಟಿತು. ಅದೇ ಬೈಬಲಿನಲ್ಲಿ ಯಾಕೋಬನ ಮಗ ಯೆಹೂದನು ತಮ್ಮನಾದ ಬೆನ್ಯಾಮೀನನಿಗಾಗಿ "ನಾನೇ ಹೊಣೆ, ನನ್ನನ್ನೇ ಕೇಳು" ಎಂದು ತಂದೆಯ ಮುಂದೆ ನಿಲ್ಲುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆ 7:22ರಲ್ಲಿ ಯೇಸುವಿಗೇ ಹೊಣೆಗಾರ ಎಂಬ ಹೆಸರು.

ಮತ್ತೆ ಪೌಲ. ಫಿಲೆಮೋನನಿಗೆ ಬರೆದ ಪುಟ್ಟ ಪತ್ರ ತೆಗೆಯಿರಿ, ಒಂದೇ ಅಧ್ಯಾಯ. ಒನೇಸಿಮ ಎಂಬ ಗುಲಾಮ ಯಜಮಾನನಿಂದ ಅಗಲಿ ಪೌಲನ ಹತ್ತಿರ ಇದ್ದ. ಅವನನ್ನು ವಾಪಸು ಕಳಿಸುವಾಗ ಪೌಲ ಬರೆಯುತ್ತಾನೆ: ಅವನು ನಿನಗೆ ಏನಾದರೂ ನಷ್ಟ ಮಾಡಿದ್ದರೆ, ಸಾಲ ಇಟ್ಟುಕೊಂಡಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ, ಪೌಲನಾದ ನಾನು ಸ್ವಂತ ಕೈಯಿಂದ ಬರೆದಿದ್ದೇನೆ, ನಾನೇ ತೀರಿಸುತ್ತೇನೆ. ಜೈಲಿನಲ್ಲಿ ಕೂತವನು, ಆಸ್ತಿ ಇಲ್ಲದವನು, ಒಬ್ಬ ಗುಲಾಮನಿಗಾಗಿ ಬರೆದುಕೊಟ್ಟ ಜಾಮೀನು ಪತ್ರ ಅದು. ತಂಗೀ, ನಿಮ್ಮ ಮೇಜಿಗೆ ಬಂದಿದ್ದರೆ ಅದನ್ನೂ ನೀವು ವಾಪಸು ಮಾಡುತ್ತಿದ್ದಿರಿ, ಮತ್ತು ನಿಯಮದ ಪ್ರಕಾರ ಅದು ಸರಿಯೇ. ಕೊರಿಂಥದವರಿಗೆ ಹುಚ್ಚುಮಾತು ಎಂದು ಬರೆದ ಕೈಯೇ ಈ ಸಹಿಯನ್ನೂ ಹಾಕಿದ್ದು.

---

ಎಣ್ಮಕಜೆಯಿಂದ ಒಬ್ಬಳು

ನಾನು ಕ್ರೈಸ್ತಳಲ್ಲ. ಸುರಂಗ ಅಂತ ಶಬ್ದ ನೋಡಿ ಒಳಗೆ ಬಂದೆ.

ನಮ್ಮ ಮನೆಗೂ ಸುರಂಗದ್ದೇ ನೀರು. ಗುಡ್ಡದ ಮೇಲೆ ಗೇರು ತೋಟ. ನಾನು ಸಣ್ಣವಳಿರುವಾಗ ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಬಿಡುತ್ತಿತ್ತು, ನಾವು ಮಕ್ಕಳು ಕೈಬೀಸಿ ಓಡುತ್ತಿದ್ದೆವು. ಟೀ ಮೊಸ್ಕಿಟೋ ಎಂಬ ಕೀಟ ಕೊಲ್ಲಲಿಕ್ಕೆ. ಬಾವಿಗಳನ್ನು ಮುಚ್ಚಿಕೊಳ್ಳಿ ಅಂತ ಹೇಳುತ್ತಿದ್ದರು. ಸುರಂಗವನ್ನು ಮುಚ್ಚುವುದು ಹೇಗೆ? ಗುಡ್ಡವನ್ನೇ ಮುಚ್ಚಬೇಕು. 2000ಕ್ಕೆ ಬಿಡುವುದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಬೇಡ ಅಂದಿತು. ನನ್ನ ತಂಗಿ 1996ರಲ್ಲಿ ಹುಟ್ಟಿದವಳು. ಕುತ್ತಿಗೆ ನಿಲ್ಲುವುದಿಲ್ಲ, ಮಾತಿಲ್ಲ. ಅಮ್ಮ ಹೋದ ಮೇಲೆ ನಾನೇ ನೋಡಿಕೊಳ್ಳುವುದು.

ಮೇಲಿನಿಂದ ಬಿಟ್ಟರೆ ಆಳು ಕಡಿಮೆ, ಖರ್ಚು ಕಡಿಮೆ, ಫಸಲು ಉಳೀತದೆ ಅಂತ ಲೆಕ್ಕ ಹಾಕಿದವರೆಲ್ಲ ಓದಿದವರೇ. ಲೆಕ್ಕ ತಪ್ಪಿರಲಿಲ್ಲ, ನಾವು ಆ ಲೆಕ್ಕದೊಳಗೆ ಇರಲಿಲ್ಲ ಅಷ್ಟೇ. ಲೋಕದ ಜ್ಞಾನ ಅಂದ್ರೆ ಏನು ಅಂತ ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಆದರೆ ಮೇಷ್ಟ್ರೇ, ದೇವರೇ ಬಲ ಇಲ್ಲದವನಾಗಿ ಸತ್ತ ಅಂದ್ರೆ ನನ್ನ ತಂಗಿಗೆ ಅದರಿಂದ ಎಂತ ಆಯ್ತು? "ಇಂಥವರಿಗೆ ದೇವರು ವಿಶೇಷ ಪ್ರೀತಿ ಇಟ್ಟಿದ್ದಾನೆ" ಅಂತ ಹೇಳಿ ಹೋದವರು ಬಹಳ ಜನ ಬಂದಿದ್ದಾರೆ. ಅದನ್ನು ಮಾತ್ರ ಹೇಳಬೇಡಿ.

---

ಮಂಜೇಶ್ವರದ ಮೇಷ್ಟ್ರು

ಹೇಳುವುದಿಲ್ಲ ತಾಯೀ. ನಿಮ್ಮ ತಂಗಿಯ ನೋವು ದೇವರ ಜ್ಞಾನ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಶಿಲುಬೆಯೂ ಅನ್ಯಾಯವೇ, ಮನುಷ್ಯರು ಮಾಡಿದ ಕೊಲೆ. ಅದನ್ನು ಒಳ್ಳೆಯದು ಎಂದು ಸುವಾರ್ತೆಗಳು ಎಲ್ಲೂ ಹೊಗಳುವುದಿಲ್ಲ, ಯೇಸು ಅದನ್ನು ತಪ್ಪಿಸು ಎಂದೇ ಬೇಡಿಕೊಂಡ, ಕೂಗಿ ಸತ್ತ. ಲೆಕ್ಕದೊಳಗೆ ಇಲ್ಲದವರು ಎಂದು ನೀವು ಬರೆದಿರಿ. ಪೌಲ ಆ ಅಧ್ಯಾಯದ 28ನೇ ವಚನದಲ್ಲಿ ಅದೇ ಅರ್ಥದ ಮಾತು ಬಳಸುತ್ತಾನೆ, ಏನೂ ಅಲ್ಲ ಅನ್ನಿಸಿಕೊಂಡವರು ಎಂದು. ದೇವರು ಆರಿಸಿಕೊಂಡದ್ದು ಅವರನ್ನು ಎನ್ನುತ್ತಾನೆ. ನನ್ನ ನಂಬಿಕೆ ಇಷ್ಟು: ಹೆಲಿಕಾಪ್ಟರಿನಲ್ಲಿ ದೇವರಿರಲಿಲ್ಲ, ಸುರಂಗದ ಬಾಯಿಯ ಹತ್ತಿರ ಇದ್ದ. ಅದರಿಂದ ನಿಮ್ಮ ತಂಗಿಯ ಕುತ್ತಿಗೆ ನೇರ ಆಗಲಿಲ್ಲ. ಅದು ನನಗೆ ಗೊತ್ತು. ಆ ಪ್ರಶ್ನೆಯನ್ನು ನಾನೂ ಪ್ರಾರ್ಥನೆಯಲ್ಲಿ ಕೇಳುತ್ತೇನೆ.

---

ಎಣ್ಮಕಜೆಯಿಂದ ಒಬ್ಬಳು

ಆಯ್ತು. ಹೀಗೆ ಹೇಳಿದವರು ಕಡಿಮೆ.

---

ಸುರಂಗದವರ ಮಗಳು

ಉತ್ತರ ತಡ ಆಯ್ತು. ಹೊಸಂಗಡಿಯವರ ಮಾತು ಓದಿ ಮೊದಲು ಸಿಟ್ಟು ಬಂತು, ಮತ್ತೆ ಹೌದಲ್ಲ ಅನ್ನಿಸಿತು. ಅಮ್ಮನನ್ನು ನಾನೇ ಯಾವತ್ತೂ ಕೇಳಿರಲಿಲ್ಲ. ಶನಿವಾರ ಮನೆಗೆ ಹೋದಾಗ ಅಡಕೆ ಸುಲಿಯುತ್ತಾ ಕೂತಿದ್ದರು. ನಾನೂ ಒಂದು ಮೆಟ್ಟುಕತ್ತಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಕೇಳಿದೆ.

ಆ 30 ಸೆಂಟ್ಸ್ ಅಪ್ಪನದ್ದೇ ಅಲ್ಲವಂತೆ. ಅಮ್ಮನಿಗೆ ತವರಿನಿಂದ ಬಂದದ್ದು, ದಾಖಲೆ ಅಮ್ಮನ ಹೆಸರಲ್ಲಿ. ಜಾಮೀನು ನಿಲ್ಲುವಾಗ ಅಪ್ಪ ಹೇಳಲಿಲ್ಲ, ಆ ತಪ್ಪು ಅಪ್ಪನದ್ದೇ ಅಂತ ಅಮ್ಮ ಈಗಲೂ ಹೇಳ್ತಾರೆ. ನೋಟೀಸು ಬಂದ ಮೇಲೆ ಅಪ್ಪ ಮಾತಾಡದೆ ಕೂತರು. ತೋಟ ಮಾರುವ ಅಂತ ಅವರ ಬಾಯಿಂದ ಬರಲಿಲ್ಲ, ಕೇಳುವ ಮುಖ ಇರಲಿಲ್ಲ. ಮೂರು ವಾರ ಅಮ್ಮ ಅಪ್ಪನ ಹತ್ತಿರ ಮಾತು ಬಿಟ್ಟಿದ್ದರು. ಬಡಿಸುವುದು, ಎದ್ದು ಹೋಗುವುದು. ನನಗೆ ಆ ದಿನಗಳ ನೆನಪು ಉಂಟು, ಕಾರಣ ಗೊತ್ತಿರಲಿಲ್ಲ.

ಒಂದು ದಿನ ಬೇಲಿಯಾಚೆಯ ಸಣ್ಣ ಹುಡುಗಿ ಬಂದು ಕೇಳಿತಂತೆ, "ಅಕ್ಕಾ, ನಮ್ಮ ಮನೆಗೆ ಜಪ್ತಿ ಬಂದರೆ ನಮ್ಮ ಬೆಕ್ಕನ್ನು ನೀವು ಸಾಕ್ತೀರಾ?"

ಅಮ್ಮ ಮರುದಿನ ಬೆಳಿಗ್ಗೆ ಸೀರೆ ಉಟ್ಟು, ದಾಖಲೆ ಚೀಲಕ್ಕೆ ಹಾಕಿ, "ಹೋಗುವ" ಅಂದರಂತೆ. ಅಷ್ಟೇ. ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾಗದ ಪೂರಾ ಮಲಯಾಳದಲ್ಲಿ, ಅಮ್ಮನಿಗೆ ಓದಲಿಕ್ಕೆ ಬರುವುದಿಲ್ಲ. ಬರಹಗಾರರು ಓದಿ ಹೇಳಿದರು, ಅಮ್ಮ ಕನ್ನಡದಲ್ಲಿ ಸಹಿ ಹಾಕಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಅತ್ತರಂತೆ. ನನ್ನಪ್ಪ ಅತ್ತದ್ದನ್ನು ನಾನು ನೋಡಿಯೇ ಇಲ್ಲ. ಆ ಸುರಂಗವನ್ನು ಕೂಲಿ ಇಲ್ಲದೆ ತೋಡಿದಾಗ ಮಣ್ಣು ಹೊರಗೆ ಹೊತ್ತದ್ದೂ ಅಮ್ಮನೇ. ಅದು ನನಗೆ ಗೊತ್ತಿತ್ತು. ಅಪ್ಪನ ಕಥೆ ಹೇಳುವಾಗ ನಾನು ಅದನ್ನು ಬಿಟ್ಟೆ. ಮೇಲೆ ನೋಡಿ, "ಇನ್ನೊಬ್ಬರು" ಅಂತ ಬರೆದಿದ್ದೇನೆ.

ನಾನು ಕೇಳಿದೆ, ಅಕ್ಕನ ಎರಡು ವರ್ಷ? ಅಮ್ಮ ಸುಮಾರು ಹೊತ್ತು ಸುಲಿಯುತ್ತಾ ಇದ್ದರು. "ಅದು ನನಗೆ ಈಗಲೂ ಕುತ್ತುತ್ತದೆ" ಅಂದರು. "ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ಅಪ್ಪನೂ ಕೇಳಿದ್ದಾರೆ." ಹಾಗಾಗಿ ಹೊಸಂಗಡಿಯವರೇ, ನಿಮ್ಮ ಪ್ರಶ್ನೆ ನಿಂತೇ ಇದೆ. ಅಕ್ಕನಿಗೆ ಫೋನ್ ಮಾಡಿ ಈ ಚರ್ಚೆ ಓದಿಸಿದೆ. ಅವಳು ಹೇಳಿದ್ದು: "ಆಗ ಸಿಟ್ಟಿತ್ತು. ಈಗ ಆ ಮನೆಯ ಹುಡುಗಿ ನನ್ನ ಹಾಗೆ ನರ್ಸಿಂಗ್ ಓದ್ತಾಳೆ, ಪುಸ್ತಕ ಕೇಳಿ ಮೆಸೇಜು ಹಾಕ್ತಾಳೆ. ಆದರೂ ಯಾರಾದರೂ ನನ್ನನ್ನು ಮೊದಲೇ ಕೇಳಬೇಕಿತ್ತು." ಇಬ್ಬರ ಮಾತನ್ನೂ ಇದ್ದ ಹಾಗೇ ಬರೆದಿದ್ದೇನೆ.

ಸೋಮವಾರ ಗೆಳತಿಗೂ ಹೇಳಿದೆ. ಅವಳು ಕೇಳಿದ ಪ್ರಶ್ನೆ ಬೈಬಲಿನಲ್ಲೇ ಉಂಟು ಅಂತ. ಇತರರನ್ನು ಉಳಿಸಿದ, ತನ್ನನ್ನು ಉಳಿಸಿಕೊಳ್ಳಲಾರ ಅಂತ ಶಿಲುಬೆಯ ಕೆಳಗೆ ನಿಂತು ಹಂಗಿಸಿದವರು ಹೇಳಿದ್ದು, ಮಾರ್ಕನಲ್ಲಿ. ಅವರು ಹಂಗಿಸಿದ್ದೇ ಆದರೂ ಹೇಳಿದ್ದು ಸತ್ಯವನ್ನೇ, ಎರಡನ್ನೂ ಒಟ್ಟಿಗೆ ಮಾಡಲಿಕ್ಕೆ ಆಗ್ತಿರಲಿಲ್ಲ ಅಂದೆ. ತೋಟವನ್ನೂ ಉಳಿಸಿ ಆ ಮನೆಯನ್ನೂ ಉಳಿಸಲಿಕ್ಕೆ ನಮಗೆ ಆಗಲಿಲ್ಲವಲ್ಲ, ಹಾಗೆ. ಅವಳು ಒಪ್ಪಿದಳು ಅಂತ ಅಲ್ಲ. "ನಿನ್ನ ಅಮ್ಮನನ್ನು ಒಮ್ಮೆ ನೋಡಬೇಕು" ಅಂದಳು.

ಎಣ್ಮಕಜೆಯವರೇ, ನಿಮಗೆ ಬೇರೆಯೇ ಮೆಸೇಜು ಹಾಕಿದ್ದೇನೆ. ನಿಮ್ಮ ಸುರಂಗದ ಬಾಯಿ ಕುಸಿದಿದೆ ಅಂತ ಮೆಸೇಜಿನಲ್ಲಿ ಬರೆದಿದ್ದೀರಲ್ಲ, ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರು ಇನ್ನೂ ಇದ್ದಾರೆ. ಮಳೆಗೆ ಮೊದಲು ಬರ್ತಾರಂತೆ. ಅವರ ಜೊತೆ ನಾನೂ ಬರ್ತೇನೆ.

ಮೇಷ್ಟ್ರೇ, ನೀವು ಬರೆದದ್ದೆಲ್ಲ ಅಮ್ಮನಿಗೆ ಓದಿ ಹೇಳಿದೆ. ಕೊರಿಂಥದ ಕಥೆಯ ಹೊತ್ತಿಗೆ ತೂಕಡಿಸುತ್ತಿದ್ದರು, ಗೋಡೆಯಲ್ಲಿ ಗೀಚಿದ ಚಿತ್ರದ ವಿಷಯ ಬಂದಾಗ ಎದ್ದು ಕೂತರು. ಆ ಹುಡುಗನ ಹೆಸರು ಅವರ ಬಾಯಿಗೆ ಹಿಡಿಯುವುದಿಲ್ಲ. ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆದುಕೊಡಬೇಕಂತೆ, ಅಪ್ಪನ ಬೈಬಲಿನೊಳಗೆ ಇಡಲಿಕ್ಕೆ.

---

ಮಂಜೇಶ್ವರದ ಮೇಷ್ಟ್ರು

ಅ ಲೆ ಕ್ಸಾ ಮೆ ನೋ ಸ್. ಅವರಿಗೆ ನನ್ನ ನಮಸ್ಕಾರ ಹೇಳಿ.